ಹೂಳು ವಿಭಾಗದ ನಾಲ್ಕನೆಯ ಪ್ರಶ್ನೆ

ಎಡದಂಡೆ ತಾಂತ್ರಿಕ ವಿಶ್ವವಿದ್ಯಾಲಯ
ಸೆಪ್ಟೆಂಬರ್ ಮೂವತ್ತೊಂದು, ಇಸವಿ ಎರಡು ಸಾವಿರದ ನೂರ ಎಪ್ಪತ್ಮೂರು

ನೂರೈವತ್ತು ವರ್ಷ ಹಿಂದೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಹೇಳುತ್ತಿರುವ ಮತ್ತು ಪಾಠ ಕೇಳುತ್ತಿರುವ ಹಿರಿಯರಿಗೆ ಶರಭಪ್ಪ ಕಂದಕೂರನ ನಮಸ್ಕಾರ. ನಿಮ್ಮಲ್ಲಿ ಕೆಲವರಿಗೆ ಇನ್ನೂ ಹದಿನೆಂಟೂ ತುಂಬಿರಲಾರದು. ಆದರೂ ನನಗೆ ನೀವು ಹಿರಿಯರೇ.

ದಿನಾಂಕ ನೋಡಿ ಯಾರೋ ಕೈತಪ್ಪಿ ಬರೆದಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ಕ್ಯಾಲೆಂಡರ್ ತಿದ್ದುವವರು ಕೂತು, ಆಗಸ್ಟಿನಿಂದ ಒಂದು ದಿನ ಕಿತ್ತು ಸೆಪ್ಟೆಂಬರಿಗೆ ಕೊಟ್ಟರು. ಯಾಕೆ ಕೊಟ್ಟರು ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಕಾರಣ ಸಿಗುತ್ತವೆ. ಇದು ಪಿತೃಪಕ್ಷದ ಹದಿನೈದು ದಿನ. ಹೋದವರಿಗೆ ಎಡೆ ಇಟ್ಟರೆ ಅದು ಹೇಗೋ ಮುಟ್ಟುತ್ತದೆ ಎಂದು ನಂಬಿದ ಮನೆಯಲ್ಲಿ ಬೆಳೆದವನು ನಾನು. ಅನ್ನ ಮುಟ್ಟುವುದಾದರೆ ಕಾಗದವೂ ಮುಟ್ಟೀತು ಎಂದು ಬರೆಯುತ್ತಿದ್ದೇನೆ. ಕೆಲವು ಮಾತುಗಳು ನಿಮ್ಮ ಕಿವಿಗೆ ಹೊಸವು. ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಬೇಸರಪಡಬೇಡಿ.

ನಿಮ್ಮ ಕಾಲದ ಸಿವಿಲ್, ಮೆಕ್ಯಾನಿಕಲ್ ಎಂಬ ಹೆಸರುಗಳು ಈಗ ಹಳೆಯ ಕಟ್ಟಡಗಳ ಕಲ್ಲಿನ ಮೇಲೆ ಮಾತ್ರ ಉಳಿದಿವೆ. ಈಗಿರುವುದು ಎಂಟು ವಿಭಾಗ. ಗಾಳಿ ವಿಭಾಗ ಇದೆ. ಬೀದಿಗಳನ್ನು ತಂಪಾಗಿಡುವುದನ್ನು ಕಲಿಸುವ ನೆರಳು ವಿಭಾಗ ಇದೆ. ಕಟ್ಟಿದ್ದನ್ನು ಯಾರಿಗೂ ಪೆಟ್ಟಾಗದಂತೆ ಇಳಿಸುವುದನ್ನು ಕಲಿಸುವ ಬಿಚ್ಚು ವಿಭಾಗ ಇದೆ. ಎಲ್ಲಕ್ಕಿಂತ ದೊಡ್ಡದು ನಮ್ಮ ಹೂಳು ವಿಭಾಗ. ನೀವು ನೀರು ನಿಲ್ಲಿಸಿದ ಜಲಾಶಯಗಳಲ್ಲಿ ನಿಂತದ್ದು ಕೊನೆಗೆ ಹೂಳು. ಅದನ್ನು ತೋಡಿ, ಹಳ್ಳಿಗಳ ಮೇಲ್ಗಡೆ ಗೋಡೆ ಕಟ್ಟಿದ ಹೊಂಡಗಳಲ್ಲಿ ತುಂಬಿ, ಎರಡು ವರ್ಷ ಆರಿಸಿ ಹೊಲಕ್ಕೆ ಹರಡುತ್ತೇವೆ. ಈ ಸೀಮೆಯಲ್ಲಿ ಅಂಥ ಗೋಡೆಗಳು ಮೂರು ಸಾವಿರ ಇವೆ. ನಮ್ಮ ವಿದ್ಯಾರ್ಥಿಗಳು ಬೆಳಿಗ್ಗೆ ಚಪ್ಪಟೆ ದೋಣಿಗಳಲ್ಲಿ ಹೋಗಿ, ಮಧ್ಯಾಹ್ನ ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಊಟದ ಮನೆಗೆ ಬರುತ್ತಾರೆ. ಗಾಳಿ ವಿಭಾಗದವರು ಮೂಗು ಮುಚ್ಚಿಕೊಂಡು, "ಬಂದ್ವು ನೋಡ್ರಪಾ ಎಮ್ಮಿ, ಜಾಗಾ ಬಿಡ್ರಿ" ಎನ್ನುತ್ತಾರೆ. ನಮ್ಮವರು ಸಜ್ಜೆ ರೊಟ್ಟಿ ಮುರಿಯುತ್ತ, "ಎಮ್ಮಿ ಹಾಲರ ಕೊಡ್ತಾವು, ನಿಮ್ಮ ಗಾಳಿ ಹಿಂಡಿದ್ರ ಏನ್ ಬರ್ತೈತಿ" ಎನ್ನುತ್ತಾರೆ. ಇದು ದಿನವೂ ನಡೆಯುವ ಮಾತು. ನಡೆಯದ ದಿನ ಏನೋ ಕೆಟ್ಟಿದೆ ಎಂದು ನಮಗೆ ಗೊತ್ತಾಗುತ್ತದೆ.

ಪ್ರತಿ ವಿಭಾಗದಲ್ಲೂ ಒಬ್ಬ ಒರಗುಗಾರ ಇರುತ್ತಾನೆ. ಓದಿನಲ್ಲೋ ಬದುಕಿನಲ್ಲೋ ಸೋತು ಬಂದವರು ಒರಗಿಕೊಳ್ಳಲಿ ಎಂದು ಇಟ್ಟ ಮನುಷ್ಯ. ಅವನಿಗೆ ಕೋಣೆ ಇಲ್ಲ. ವಿಭಾಗದ ಬಾಗಿಲ ಪಕ್ಕದ ಕಲ್ಲುಕಟ್ಟೆಯೇ ಅವನ ಕಚೇರಿ. ಅವನು ಎಂಜಿನಿಯರ್ ಆಗಿರಬಾರದು ಎಂಬುದು ನಿಯಮ. ನಾನು ಹೂಳು ವಿಭಾಗದ ಒರಗುಗಾರನಾಗಿ ಮೂವತ್ತೊಂದು ವರ್ಷವಾಯಿತು. ನಮ್ಮಜ್ಜಿ ಹೇಳಿಕೊಟ್ಟ ಇನ್ನೂರು ಕಥೆಗಳು ನನಗೆ ಬಾಯಿಪಾಠ ಇದ್ದವು, ಅದಕ್ಕೇ ಕೆಲಸ ಕೊಟ್ಟರು. ಅಳುತ್ತ ಬಂದವರಿಗೆ ಒಂದು ಕಥೆ ಹೇಳುತ್ತಿದ್ದೆ, ಅವರು ನಕ್ಕು ಎದ್ದು ಹೋಗುತ್ತಿದ್ದರು. ಒಳ್ಳೆಯ ಕೆಲಸಗಾರ ಎಂದು ಹೆಸರು ಬಂತು. ನಾನೂ ನಂಬಿದೆ.

ಇನ್ನೊಂದು ಪದ್ಧತಿಯನ್ನು ಹೇಳಬೇಕು. ಅದರ ಹೆಸರು ಜೊತೆಬರಹ. ಬಹಳ ಹಿಂದೆ, ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ, ಇಲ್ಲಿ ಒಬ್ಬಳು ವಿದ್ಯಾರ್ಥಿನಿ ಮೂರು ಸಲ ನಪಾಸಾದಳು. ಇದು ವಿಭಾಗದ ಕೆಲಸ ಎಂದು ನೆರವಿನ ಕಚೇರಿ ಹೇಳಿತು, ಇದು ನೆರವಿನ ಕಚೇರಿಯ ಕೆಲಸ ಎಂದು ವಿಭಾಗ ಹೇಳಿತು. ಅವಳ ಅರ್ಜಿ ಐದು ಕೋಣೆ ತಿರುಗಿತು. ಆರನೆಯ ಕೋಣೆಗೆ ಅರ್ಜಿ ತಲುಪಿದಾಗ ಅವಳು ಇರಲಿಲ್ಲ. ಆಮೇಲೆ ಈ ನಿಯಮ ಮಾಡಿದರು: ಎರಡು ಸಲ ಬಿದ್ದವರು ಮೂರನೆಯ ಸಲ ಕೂತಾಗ, ಆ ಪಾಠ ಕಲಿಸಿದವರೂ ಅದೇ ಮೇಜಿಗೆ ಕೂತು ಅದೇ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಅಂಕಿಗಳನ್ನು ಬಿಟ್ಟು ಬೇರೇನು ಬೇಕಾದರೂ ಇಬ್ಬರೂ ಮಾತಾಡಬಹುದು. ಕಲಿಸಿದವರಿಗೇ ಬರದ ಪ್ರಶ್ನೆಯನ್ನು ಇಬ್ಬರ ಪತ್ರಿಕೆಯಿಂದಲೂ ತೆಗೆದುಹಾಕಬೇಕು. ಎರಡೂ ಪತ್ರಿಕೆಗಳನ್ನು ಅಂಗಳದ ಗೋಡೆಗೆ ಅಕ್ಕಪಕ್ಕ ತೂಗುಹಾಕಬೇಕು. ಆಗಲೂ ಬಿದ್ದವರ ಹೆಸರನ್ನು ವಿಭಾಗದಿಂದ ಅಳಿಸುತ್ತಾರೆ, ಮತ್ತೆ ಸೇರಿಸಿಕೊಳ್ಳುವುದಿಲ್ಲ.

ಹುಲಿಗೆಮ್ಮ ಈ ಮೂರನೆಯ ಸರದಿಗೆ ಬಂದದ್ದು ಹೋದ ವರ್ಷ. ಸಣ್ಣ ಧ್ವನಿಯ, ದೊಡ್ಡ ಹೆಜ್ಜೆಯ ಹುಡುಗಿ. ಮೊದಲ ಮೂರು ಪ್ರಶ್ನೆಗಳಿಗೆ ಅವಳಷ್ಟು ಚೊಕ್ಕ ಉತ್ತರ ಬರೆಯುವವರಿರಲಿಲ್ಲ. ನಾಲ್ಕನೆಯದಕ್ಕೆ ಬಂದರೆ ಅರ್ಧಕ್ಕೆ ನಿಲ್ಲುತ್ತಿತ್ತು. ನಾಲ್ಕನೆಯ ಪ್ರಶ್ನೆ ಯಾವಾಗಲೂ ಒಡೆದ ಗೋಡೆಯೊಂದರದು. ಅದು ತಪ್ಪಿದರೆ ಉಳಿದ ಮೂರು ಎಷ್ಟು ಸರಿಯಿದ್ದರೂ ನಪಾಸು. ನಿಜವಾಗಿ ಒಡೆದ ಗೋಡೆಯ ಅಂಕಿಗಳನ್ನು ಕೊಟ್ಟು, ಇದು ನಿಲ್ಲುತ್ತದೋ ಇಲ್ಲವೋ ಎಂದು ಕೇಳುತ್ತಾರೆ. ಯಾವ ಊರಿಗೂ ಅವಮಾನವಾಗದಿರಲಿ ಎಂದು ಊರಿನ ಹೆಸರು ತೆಗೆಯುತ್ತಾರೆ. ಒಂದು ವರ್ಷ ಸೇರಿದ ತಂಡಕ್ಕೆಲ್ಲ ಒಂದೇ ಗೋಡೆ. ಪರೀಕ್ಷೆಯಿಂದ ಪರೀಕ್ಷೆಗೆ ಮಳೆಯ ಅಂಕಿ ಮಾತ್ರ ಬದಲಾಗುತ್ತದೆ.

ಅವಳು ನನ್ನ ಕಟ್ಟೆಗೆ ನಾಲ್ಕು ಸಲ ಬಂದಳು. ನಾಲ್ಕು ಸಲವೂ ಕಥೆ ಹೇಳಿದೆ. ಅವಳು ಕೇಳಿ, "ಚಲೋ ಐತಿ ಅಜ್ಜಾ" ಎಂದು ಎದ್ದು ಹೋದಳು. ನಕ್ಕಿರಲಿಲ್ಲ. ಅದನ್ನು ನಾನು ಗಮನಿಸಿದ್ದರೆ ಈ ಕಾಗದ ಬರೆಯುವ ಕೆಲಸ ಇರುತ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಪ್ರೊಫೆಸರ್ ರುದ್ರಮುನಿ ಬಿಜಕಲ್ ನನ್ನ ಪಕ್ಕ ಬಂದು ಕೂತರು. ವಿಭಾಗದ ಮುಖ್ಯಸ್ಥರು, ಗೋಡೆಯ ಪಾಠ ಕಲಿಸುವವರೂ ಅವರೇ.

"ಶರಭಪ್ಪ, ಈ ಹುಡುಗಿ ಹೋದ್ರ ನನಗ ಊಟ ಸೇರಂಗಿಲ್ಲೋ," ಎಂದರು.

"ನಾಕನೇ ಪ್ರಶ್ನೆದಾಗ ನಿಮ್ಮ ಕೈನೂ ಒಂದೀಟು ತಪ್ಪಿದ್ರ ಏನಾಗ್ತೈತ್ರಿ ಸರ?" ಎಂದೆ ನಾನು.

ಅವರು ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಆಮೇಲೆ, "ನೀ ಹೇಳಿಲ್ಲ, ನಾ ಕೇಳಿಲ್ಲ," ಎಂದು ಎದ್ದು ಹೋದರು.

ಮರುದಿನ ಅವರ ಕೈ ತಪ್ಪಿತು. ನಿಯಮದಂತೆ ಆ ಪ್ರಶ್ನೆ ಇಬ್ಬರ ಪತ್ರಿಕೆಯಿಂದಲೂ ಬಿದ್ದುಹೋಯಿತು. ಉಳಿದ ಮೂರರ ಬಲದಲ್ಲಿ ಹುಲಿಗೆಮ್ಮ ಪಾಸಾದಳು. ಊಟದ ಮನೆಯಲ್ಲಿ ಅವಳ ಗೆಳತಿಯರು ತಟ್ಟೆ ಬಡಿದರು. ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಅವಳು ಅಂಗಳದ ಗೋಡೆಯ ಮುಂದೆ ನಿಂತು ತನ್ನ ಪತ್ರಿಕೆ ಬಿಟ್ಟು ಗುರುಗಳದ್ದನ್ನು ಓದುತ್ತಿದ್ದಳು. ಓದಿ ಮುಗಿಸಿ ನೇರ ನಮ್ಮ ಕಟ್ಟೆಗೆ ಬಂದಳು. ರುದ್ರಮುನಿಯವರೂ ಅಲ್ಲೇ ಇದ್ದರು.

"ಸರ, ಹಸಿ ಹೂಳಿನ ತೂಕ ಬಿಟ್ಟೀರಿ ನೀವು. ಎರಡು ವರ್ಷ ನಮಗ ಅದನ್ನ ಬಿಡಬ್ಯಾಡ್ರಿ ಅಂತ ಹೇಳಿ ಹೇಳಿ ಗಂಟಲಾ ಹರ್ಕೊಂಡವ್ರು ನೀವು."

"ವಯಸ್ಸಾತವಾ," ಎಂದರು ಅವರು.

"ನನ್ನ ಜತಿ ಕುಂದರಬೇಕು ಅಂತ ನಿಯಮ ಐತ್ರಿ. ನನ್ನ ಜತಿ ಬೀಳಬೇಕು ಅಂತಿಲ್ಲ."

ನಾನು, "ತಂಗಿ, ತಪ್ಪು ನಂದು, ಒಂದು ಕಥಿ ಐತಿ, ಕೇಳು..." ಎಂದು ಶುರುಮಾಡಿದೆ.

"ಅಜ್ಜಾ, ಒಂದು ಸಲನರ ನಿನ್ನ ಕಥಿ ಬಿಟ್ಟು, ನಿಮ್ಮೂರು ಯಾವುದು ಅಂತ ಕೇಳೀಯೇನು ನನ್ನ?"

ಕೇಳಿರಲಿಲ್ಲ. ಆಗ ಕೇಳಿದೆ. ತೊಂಡಿಗೆರೆ ಎಂದಳು. ರುದ್ರಮುನಿಯವರ ಮುಖದ ಬಣ್ಣ ಹೋಯಿತು. ಅವಳ ತಂಡದ ನಾಲ್ಕನೆಯ ಪ್ರಶ್ನೆಯ ಗೋಡೆ ತೊಂಡಿಗೆರೆಯದು. ಹತ್ತು ವರ್ಷ ಹಿಂದೆ ಒಂದು ಮಧ್ಯಾಹ್ನ ಅದು ಒಡೆದು ಹನ್ನೊಂದು ಜನ ಹೂಳಿನಡಿ ಹೋಗಿದ್ದರು. ಆ ಗೋಡೆಯ ಕಾವಲುಗಾರ್ತಿ ಯಮನವ್ವ, ಹುಲಿಗೆಮ್ಮನ ತಾಯಿ. ದಿನವೂ ಗೋಡೆಯನ್ನು ಮುಟ್ಟಿ ನೋಡಿ ಹಲಗೆಯ ಮೇಲೆ ಬರೆಯುವುದು ಅವಳ ಕೆಲಸ. ಆ ಬೆಳಿಗ್ಗೆ ಅವಳು ಬರೆದದ್ದು "ಗೋಡೆ ಭದ್ರ" ಎಂದು. ಅಂದಿನಿಂದ ಊರು ಅವಳನ್ನು ಮಾತಾಡಿಸುವುದನ್ನು ಬಿಟ್ಟಿತು. ಅವಳೂ ಗೋಡೆಯ ಕಡೆ ಹೋಗುವುದನ್ನು ಬಿಟ್ಟಳು.

"ಅಂಕಿ ನೋಡಿದ ಕೂಡ್ಲೇ ಗುರ್ತು ಸಿಕ್ತು," ಎಂದಳು ಹುಲಿಗೆಮ್ಮ. "ಲೆಕ್ಕ ಮುಗಿಸಿದ್ರ ಗೋಡಿ ನಿಲ್ಲಂಗಿಲ್ಲ ಅಂತ ಬರೀಬೇಕು. ನಮ್ಮವ್ವ ನಿಲ್ತೈತಿ ಅಂತ ಬರದಾಳ. ನಾ ಹೆಂಗ ಬರೀಲಿ?"

ಮೂರು ಪರೀಕ್ಷೆ, ನಾಲ್ಕು ಕಥೆ, ಒಂದು ವಿಭಾಗ ತುಂಬ ಓದಿದವರು. ಒಬ್ಬರೂ ಆ ಒಂದು ಮಾತನ್ನು ಕೇಳಿರಲಿಲ್ಲ.

ಎಂಟು ವಿಭಾಗಗಳ ಮುಖ್ಯಸ್ಥರು ಸೇರಿದರು. ರುದ್ರಮುನಿಯವರು ಎದ್ದು ನಿಂತು ಬೇಕೆಂದೇ ತಪ್ಪಿದ್ದಾಗಿ ಒಪ್ಪಿಕೊಂಡರು. ನಾನು ಹೇಳಿಕೊಟ್ಟದ್ದನ್ನು ನಾನೂ ಒಪ್ಪಿಕೊಂಡೆ. ಜೊತೆಬರಹವನ್ನೇ ತೆಗೆದುಹಾಕಿ, ಇದು ಮೋಸಕ್ಕೆ ದಾರಿ ಎಂದವರೂ ಇದ್ದರು. ಕೊನೆಗೆ, ಸುಳ್ಳು ಜೊತೆಬರಹ ಲೆಕ್ಕಕ್ಕಿಲ್ಲ, ಹುಡುಗಿ ಎಂಟು ದಿನ ಬಿಟ್ಟು ಮತ್ತೆ ಕೂರಲಿ, ಅದೇ ಅವಳ ಮೂರನೆಯ ಸಲ ಎಂದು ತೀರ್ಮಾನವಾಯಿತು. ಬೇರೆ ಗೋಡೆ ಕೊಡುತ್ತೇವೆ ಎಂದರು.

"ಗೋಡಿ ಬದಲ್ ಮಾಡಬ್ಯಾಡ್ರಿ," ಎಂದಳು. "ಇದನ್ನ ದಾಟಲಿಲ್ಲ ಅಂದ್ರ ನಾಳಿ ಯಾವ ಊರ ಮುಂದ ನಿಂತು ಏನ್ ಹೇಳ್ಲಿ?"

ರುದ್ರಮುನಿಯವರು ಕೂರುವಂತಿರಲಿಲ್ಲ. ಆ ಪಾಠ ಕಲಿಸಿದವರು ಬೇರೆ ಯಾರೂ ಇರಲಿಲ್ಲ. ನಾನೂ ಈ ವಿಭಾಗದವನೇ, ನಾನು ಕೂರುತ್ತೇನೆ ಎಂದೆ. ಗಾಳಿ ವಿಭಾಗದ ಮುಖ್ಯಸ್ಥೆ, "ಶರಭಪ್ಪ, ನಿನಗ ಕೂಡಿಸಾಕರ ಬರ್ತೈತೇನು?" ಎಂದರು. "ಕೂಡಿಸಾಕ ಬರ್ತೈತ್ರಿ, ಭಾಗಾಕಾರದಾಗ ಸ್ವಲ್ಪ ಹೆದರಿಕಿ" ಎಂದೆ. ಆ ಸಭೆಯಲ್ಲಿ ನಗು ಬಂದದ್ದು ಅದೊಂದು ಸಲ. ನನ್ನ ಸೊನ್ನೆಯಿಂದ ಯಾವ ಪ್ರಶ್ನೆಯೂ ಬೀಳುವುದಿಲ್ಲ ಎಂದು ಬರೆಸಿಕೊಂಡು ಒಪ್ಪಿದರು.

ಆ ದಿನ ಮೂರು ಪ್ರಶ್ನೆಗಳನ್ನು ಅವಳು ಒಂದೂವರೆ ತಾಸಿನಲ್ಲಿ ಮುಗಿಸಿದಳು. ನಾನು ನನ್ನ ಹೆಸರು ಬರೆದು ಸುಮ್ಮನೆ ಕೂತಿದ್ದೆ. ನಾಲ್ಕನೆಯದಕ್ಕೆ ಬಂದು, ಹಿಂದೆ ನಿಂತಲ್ಲೇ ಅವಳ ಪೆನ್ನು ನಿಂತಿತು. ನನ್ನ ನಾಲಗೆಯ ತುದಿಗೆ ಒಂದು ಕಥೆ ಬಂತು. ಅದನ್ನು ನುಂಗಿದೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಕಷ್ಟದ ಕೆಲಸ ಅದೊಂದೇ. ಕೊನೆಗೆ ಅವಳೇ ಮಾತಾಡಿದಳು.

"ಅಜ್ಜಾ, ನಮ್ಮವ್ವ ಅವತ್ತು ಗೋಡಿ ಮುಟ್ಟಿ ನೋಡಿದ್ಲು. ಒಣಗಿತ್ತಂತ. ಬಿರುಕಿದ್ದಿಲ್ಲಂತ."

"ಹೂಂ," ಎಂದೆ.

"ಮುಟ್ಟಿದ್ರ ಗೊತ್ತಾಗ್ತಿತ್ತೇನು?"

"ನನಗ ತಿಳಿಯಂಗಿಲ್ಲ ತಂಗಿ. ನಿನ್ನ ಲೆಕ್ಕ ಏನಂತೈತಿ?"

ಅವಳು ಬರೆದದ್ದನ್ನು ಮೊದಲಿನಿಂದ ಓದಿಕೊಂಡಳು. ಆಮೇಲೆ ಬರೆಯತೊಡಗಿದಳು. ಪೆನ್ನು ಎತ್ತಲಿಲ್ಲ. ಕೈಯಲ್ಲಿ ಬರೆಯುತ್ತಲೇ, ಕಣ್ಣಲ್ಲಿ ನೀರು ಇಳಿಯುತ್ತಲೇ, ಹೆಚ್ಚೇನೂ ದನಿ ಏರಿಸದೆ ಹೇಳಿದಳು, "ಗೊತ್ತಾಗ್ತಿದ್ದಿಲ್ಲ ಅಜ್ಜಾ. ನೀರು ಒಳಗಿತ್ತು. ಹೊರಗ ನಿಂತವ್ರಿಗೆ ಯಾರಿಗೂ ಗೊತ್ತಾಗ್ತಿದ್ದಿಲ್ಲ."

ಉತ್ತರದ ಕೊನೆಗೆ ಅವಳು ಬರೆದದ್ದು ಮೂರು ವಾಕ್ಯ. ಈ ಗೋಡೆ ನಿಲ್ಲುವುದಿಲ್ಲ. ಮುಟ್ಟಿ ನೋಡಿದರೆ ತಿಳಿಯುವುದಿಲ್ಲ. ಕೆಳಗಿನ ಊರನ್ನು ಬೆಳಿಗ್ಗೆಯೇ ಎಬ್ಬಿಸಬೇಕು. ಮೂರನೆಯದನ್ನು ಪ್ರಶ್ನೆಯಲ್ಲಿ ಕೇಳಿರಲಿಲ್ಲ.

ಅವಳು ಪಾಸಾದಳು. ನನ್ನ ಸೊನ್ನೆ ಅವಳ ಪತ್ರಿಕೆಯ ಪಕ್ಕದಲ್ಲಿ ತೂಗಿತು. ಹೋಗುವ ಬರುವವರು ಅದಕ್ಕೂ ಕೈ ಮುಗಿದು ಚೇಷ್ಟೆ ಮಾಡಿದರು. ಸಂಜೆ ಹುಲಿಗೆಮ್ಮ ತನ್ನ ಪತ್ರಿಕೆಯನ್ನು ಕೇಳಿ ಇಳಿಸಿಕೊಂಡು, ಮಡಿಚಿ, ಊರಿಗೆ ಒಯ್ದಳು. ತಾಯಿಗೆ ಓದಿ ಹೇಳಿದಳಂತೆ. ತಾಯಿ ಏನೆಂದಳು ಎಂಬುದು ನನಗೆ ಗೊತ್ತಿಲ್ಲ. ಹುಲಿಗೆಮ್ಮ ಹೇಳುವ ದಿನ ಕೇಳಿಸಿಕೊಳ್ಳುತ್ತೇನೆ.

ಮರಳಿ ಬಂದವಳು ವಿಭಾಗಕ್ಕೆ ಒಂದು ಅರ್ಜಿ ಕೊಟ್ಟಳು. ಅದು ಒಂದೇ ಕೋಣೆಯಲ್ಲಿ ಒಂದೇ ದಿನದಲ್ಲಿ ಮುಗಿಯಿತು. ಈಗ ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಗೋಡೆಯ ಅಂಕಿಗಳ ಕೆಳಗೆ ಊರಿನ ಹೆಸರು ಇರುತ್ತದೆ, ಕೆಳಗೆ ವಾಸವಿರುವ ಜನ ಎಷ್ಟು ಎಂಬುದೂ ಇರುತ್ತದೆ. ಆ ಊರಿನವರು ಕೋಣೆಯಲ್ಲಿದ್ದರೆ ಬರೆಯುವ ಮೊದಲೇ ಎದ್ದು ಬಂದು ಹೇಳುತ್ತಾರೆ, ನಾವು ಕೇಳಿಸಿಕೊಳ್ಳುತ್ತೇವೆ. ಕಥೆಗಳನ್ನು ನಾನು ಬಿಟ್ಟಿಲ್ಲ. ಆದರೆ ಅವುಗಳ ಸರದಿ ಈಗ ಕೊನೆಗೆ.

ಹಿರಿಯರೇ, ನಿಮ್ಮ ಕಾಲದಲ್ಲೂ ಸೇತುವೆ, ಅಣೆಕಟ್ಟು, ಗಣಿ, ಕಾರ್ಖಾನೆಗಳ ಅಂಕಿಗಳನ್ನು ಪ್ರಶ್ನೆ ಮಾಡಿ ಕೊಡುತ್ತೀರಿ ಎಂದು ಕೇಳಿದ್ದೇನೆ. ನನ್ನ ಬೇಡಿಕೆ ಒಂದೇ. ಲೆಕ್ಕದ ಕೆಳಗೆ ಊರಿನ ಹೆಸರು ಬರೆಯಿರಿ. ಬರೆಯಲು ಕೂತವರಲ್ಲಿ ಯಾರೋ ಒಬ್ಬರು ಆ ಊರಿನವರಿರುತ್ತಾರೆ.

ನಿಮ್ಮ ಮರಿಮಕ್ಕಳ ಮಗ,
ಶರಭಪ್ಪ