ಕ್ಲಚ್ ಕೊಳವೆಯ ಬೆಸುಗೆ ಬಿಟ್ಟ ಕಾರಣ

ದೇವನಹಳ್ಳಿ
೯ ಮಾರ್ಚ್ ೨೦೦೮, ಭಾನುವಾರ

ಪ್ರೀತಿಯ ಮಗ ಅನಿಲನಿಗೆ ಅಮ್ಮನ ಆಶೀರ್ವಾದಗಳು.

ಜೋಧಪುರದಲ್ಲಿ ಈಗಲೇ ಬಿಸಿಲು ಏರಿದೆಯೆಂದು ನಿನ್ನ ತಂಗಿ ಹರ್ಷಿತ ಹೇಳಿದಳು. ಕಳೆದ ಬೇಸಿಗೆಯಂತೆ ಮೂಗಿನಿಂದ ರಕ್ತ ಬರುತ್ತಿಲ್ಲ ತಾನೆ? ಮಲಗುವ ಮುನ್ನ ಹೊಳ್ಳೆಗಳಿಗೆ ಒಂದೊಂದು ಹನಿ ತುಪ್ಪ ಬಿಟ್ಟುಕೊ. ಸೇನೆಯ ವೈದ್ಯರು ನಕ್ಕರೆ ನಗಲಿ. ನಾನು ಕ್ಷೇಮ. ವರ್ಷವಿಡೀ ಕಾಡಿದ ಎಡ ಮಂಡಿಯ ನೋವು ಸಂಕ್ರಾಂತಿಯಿಂದೀಚೆಗೆ ತಾನಾಗಿಯೇ ಇಳಿದಿದೆ. ಹರ್ಷಿತ ಬಿ.ಎಡ್. ಪರೀಕ್ಷೆಗೆ ಓದುತ್ತಿದ್ದಾಳೆ, ಅಕ್ಷರ ಇನ್ನೂ ದುಂಡಗಾಗಿಲ್ಲ.

ಇನ್ನು ನಿನ್ನ ಕಾರಿನ ವಿಷಯ. ಪೂರ್ತಿ ಓದಿದ ಮೇಲೆಯೇ ತೀರ್ಮಾನಕ್ಕೆ ಬಾ. ಸಂಕ್ರಾಂತಿಯ ರಜೆಯಲ್ಲಿ ನೀನು ಆ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರನ್ನು ಹೊರತೆಗೆಯಲು ಹೋದಾಗ ಕ್ಲಚ್ ಪೆಡಲ್ ನೆಲಕ್ಕೆ ಕುಸಿದು ಮೇಲೇಳಲೇ ಇಲ್ಲ. ಎರಡು ವರ್ಷದ ಹಿಂದೆ ಅದರ ಹೊಟ್ಟೆಯೊಳಗೆ ಬೆಸುಗೆ ಹಾಕಿದವನು ಶಾಲೆಯಲ್ಲಿ ನನ್ನ ಶಿಷ್ಯನಾಗಿದ್ದ ಮೆಕ್ಯಾನಿಕ್ ಮುನಿಸ್ವಾಮಿಯಾದ್ದರಿಂದ ತಪ್ಪೂ ಅವನದೇ ಎಂದು ನೀನು ನಿಶ್ಚಯಿಸಿಬಿಟ್ಟೆ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಹತ್ತು ಜನರ ಎದುರು, ‘ಮುನಿಸ್ವಾಮಿ ಕೈ ಹೋಯ್ತು ಬಿಡ್ರಪ್ಪ, ಇನ್ನು ಎತ್ತಿನಗಾಡಿಗೆ ಕೀಲೆಣ್ಣೆ ಹಚ್ಕೊಂಡಿರ್ಲಿ’ ಎಂದೆಯಂತೆ. ಮನೆಗೆ ಬಂದು ಅದನ್ನೇ ಹೇಳಿದಾಗ ನಾನೂ ಸುಮ್ಮನಿದ್ದೆ. ನೀನು ರೈಲು ಹತ್ತಿದೆ. ಮಾತು ಮಾತ್ರ ಊರಲ್ಲೇ ಉಳಿಯಿತು. ನಿನ್ನ ಸಹಪಾಠಿ ಉಮಾಶಂಕರ್ ಹೊಸ ವಿಮಾನ ನಿಲ್ದಾಣಕ್ಕೆಂದು ಹನ್ನೆರಡು ಟ್ಯಾಕ್ಸಿಗಳನ್ನು ತರುತ್ತಿದ್ದಾನೆ. ಅವುಗಳ ರಿಪೇರಿ ಕೆಲಸವನ್ನು ಮುನಿಸ್ವಾಮಿಗೇ ಕೊಡುವೆನೆಂದು ಮಾತಾಗಿತ್ತು. ಅದನ್ನು ನಂಬಿ ಅವನು ಶೆಡ್ಡಿಗೆ ಹೊಸ ತಗಡು ಹೊದಿಸಿ, ಗಾಡಿಯ ಕೆಳಗಿಳಿದು ನೋಡಲು ಗುಂಡಿಯನ್ನೂ ಕಟ್ಟಿಸಿದ್ದಾನೆ. ಈಗ ಉಮಾಶಂಕರ್, ‘ನೋಡೋಣ, ಯುಗಾದಿಯೊಳಗೆ ಹೇಳ್ತೀನಿ’ ಎನ್ನುತ್ತಿದ್ದಾನೆ.

ಆದ್ದರಿಂದ ಕಳೆದ ಭಾನುವಾರ ನಾನೇ ಮುನಿಸ್ವಾಮಿಯನ್ನು ಕರೆಸಿದೆ. ಬರುವನೋ ಇಲ್ಲವೋ ಎಂದುಕೊಂಡಿದ್ದೆ. ಬಂದ. ‘ಬೈಸ್ಕೊಂಡಿದ್ದಾಯ್ತು ಮೇಡಮ್ಮೋರೆ, ಯಾಕ್ ಬೈಸ್ಕೊಂಡೆ ಅಂತ ನೋಡ್ಬೇಕಲ್ಲ’ ಎಂದ. ನಿನ್ನ ತಂದೆಯವರು ಹುಳು ಸಾಕಲು ಕಟ್ಟಿಸಿದ, ಈಗ ಕಾರು ನಿಲ್ಲುವ ರೇಷ್ಮೆ ಮನೆಯಲ್ಲೇ ಕೆಲಸ ನಡೆಯಿತು. ನಿನಗೆ ತಿಳಿದದ್ದೇ ಆದರೂ ಕ್ರಮವಾಗಿ ಬರೆಯುತ್ತೇನೆ, ಏಕೆಂದರೆ ಅವನು ಕ್ರಮ ತಪ್ಪಲಿಲ್ಲ. ಎಂಜಿನ್ ಹಿಂದೆ, ಪೆಡಲ್ ಮುಂದೆ; ನಡುವೆ ಸೀಟುಗಳ ಮಧ್ಯದ ಉಬ್ಬಿನೊಳಗೆ ಬೆರಳಿಗಿಂತ ಸಣ್ಣ ಕೊಳವೆ, ಅದರೊಳಗೆ ಕ್ಲಚ್ಚಿನ ಕೇಬಲ್. ಪೆಟ್ರೋಲ್ ಪೈಪೂ ಅದೇ ದಾರಿಯಲ್ಲಿ ಹೋಗುವುದರಿಂದ ಮೊದಲು ಬ್ಯಾಟರಿ ಬಿಡಿಸಿ, ಟ್ಯಾಂಕನ್ನು ಇಳಿಸಿ ದೂರದ ಹೊಂಗೆ ಮರದ ಕೆಳಗಿಟ್ಟ. ಪೈಪನ್ನೂ ಬರಿದು ಮಾಡಿ ಹೊರತೆಗೆದ. ಸೀಟು ತೆಗೆದು, ಕೇಬಲ್ ಎಳೆದು, ಉಬ್ಬಿನ ತಗಡಿನಲ್ಲಿ ಅಂಗೈಯಗಲದ ಕಿಂಡಿ ಕತ್ತರಿಸಿದ. ಹರ್ಷಿತ ಟಾರ್ಚ್ ಹಿಡಿದಳು. ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿಯನ್ನು ಅವನು ನನ್ನ ಕೈಗೇ ಕೊಟ್ಟು, ‘ನೀವೇ ನೋಡಿ, ನೀವೇ ಮಾರ್ಕ್ಸ್ ಹಾಕಿ’ ಎಂದ.

ನೋಡಿದೆ. ಮುನಿಸ್ವಾಮಿಯ ಬೆಸುಗೆ ಕೊಳವೆಯ ಹಿಂಭಾಗದಲ್ಲಿ ಕೂದಲೆಳೆಯಷ್ಟೂ ಬಿರಿಯದೆ ಗಟ್ಟಿಯಾಗಿದೆ. ಬಿಟ್ಟಿರುವುದು ಮುಂದಿನ ಬೆಸುಗೆ. ಕಾರು ತಯಾರಿಸಿದವರೇ ಹಾಕಿದ್ದು, ನಿನಗಿಂತ ಹಿರಿಯದು. ಪೆಡಲ್ ಒತ್ತಿದಾಗ ಕೇಬಲ್ಲಿನ ಜೊತೆಗೆ ಕೊಳವೆಯೇ ಅಲ್ಲಾಡುತ್ತಿತ್ತು, ಬೀಳುವ ಹಲ್ಲಿನಂತೆ. ಅವನು ತುಕ್ಕನ್ನೆಲ್ಲ ಉಜ್ಜಿ ಲೋಹ ಹೊಳೆಯುವಂತೆ ಮಾಡಿದ. ಸುತ್ತ ಒದ್ದೆ ಗೋಣಿಚೀಲ ಹೊದಿಸಿ ಸಣ್ಣ ಜ್ವಾಲೆಯಲ್ಲಿ ಹಿತ್ತಾಳೆ ಕರಗಿಸಿದ. ಅದು ಬೆಲ್ಲದ ಪಾಕದಂತೆ ಕೊಳವೆಯ ಸುತ್ತ ಹರಿದು ನಿಂತಿತು. ನಿನ್ನ ಸೋದರತ್ತೆ ಪಿಳ್ಳಮ್ಮ ಬಾಗಿಲಲ್ಲಿ ನಿಂತು, ‘ಸೂರೇ ಇಲ್ದಿರೋ ಕಾರಿಗೆ ಒಳಗಡೆ ಇಷ್ಟೊಂದು ಉಪಚಾರವಾ’ ಎಂದರು. ಕಿಂಡಿಗೆ ಅವನು ತಗಡಿನ ಮುಚ್ಚಳ ಮಾಡಿ ತಿರುಪು ಹಾಕಿದ್ದಾನೆ. ಮುಂದೆ ಬೇಕಾದರೆ ಬಿಚ್ಚಬಹುದು. ಹೊಸ ಕೇಬಲ್ ತೂರಿಸಿ ಪೆಡಲನ್ನು ಮೂರೇ ಸಲ ಒತ್ತಿ ನೋಡಿ ಇಳಿದುಬಿಟ್ಟ. ಅಷ್ಟು ಹಳೆಯ ಬೆಸುಗೆ ಈಗೇಕೆ ಬಿಟ್ಟಿತೆಂದು ಕೇಳಿದೆ. ಕೈ ಒರೆಸಿಕೊಳ್ಳುತ್ತ, ‘ವಯಸ್ಸಾಯ್ತಲ್ಲ ಮೇಡಮ್ಮೋರೆ’ ಎಂದ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ.

ಕಂಡದ್ದನ್ನು ಮರುದಿನವೇ ಉಮಾಶಂಕರನಿಗೆ ಹೇಳಿದೆ. ‘ಶಿಷ್ಯನ ಪರ ನೀವು ನಿಲ್ದೆ ಇನ್ಯಾರ್ ನಿಲ್ತಾರೆ ಮೇಡಮ್’ ಎಂದು ನಕ್ಕು, ಬಾಳೆಹಣ್ಣು ಕೊಟ್ಟು ಕಳಿಸಿದ. ಬೈದ ಬಾಯಿಂದಲೇ ತಿದ್ದುಪಡಿ ಬರಬೇಕೆಂಬುದು ನನಗೆ ಅಲ್ಲಿ ಸ್ಪಷ್ಟವಾಯಿತು.

ಊಟ ನಿದ್ದೆ ಸರಿಯಾಗಿ ಮಾಡು. ಅತ್ತೆ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ, ಹುರಿಹಿಟ್ಟು ಕಳಿಸುತ್ತಾರಂತೆ. ದೇವರು ನಿನ್ನ ಕೈಗೂ ಮಾತಿಗೂ ಹದ ಕೊಡಲಿ.

ನಿನ್ನ ತಾಯಿ,
ನರಸಮ್ಮ

ಮ.ವಿ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬಾರದೆ ಉಳಿದದ್ದು. ಬಳಸದ ಹೊಲಿಗೆ ಯಂತ್ರ ಹಿಡಿದುಕೊಳ್ಳುವಂತೆ ನಿನ್ನ ಕಾರೂ ಹಿಡಿದುಕೊಂಡೀತೆಂದು, ನೀನಿಲ್ಲದ ಹದಿನಾಲ್ಕು ತಿಂಗಳೂ ಪೂಜೆ ಮುಗಿಸಿ ನಿನ್ನ ಸೀಟಿನಲ್ಲಿ ಕೂತು ಕ್ಲಚ್ ಒತ್ತುತ್ತಿದ್ದವಳು ನಾನು. ಹನ್ನೊಂದರಿಂದ ಇಪ್ಪತ್ತರವರೆಗೆ ಮಗ್ಗಿ, ಸಾಲಿಗೊಂದು ಒತ್ತು, ದಿನಕ್ಕೆ ನೂರು. ನಲವತ್ತೆರಡು ಸಾವಿರ ಸಲ ಬಗ್ಗಿಸಿದರೆ ಯಾವ ಲೋಹ ತಡೆದೀತು? ಆ ಸೀಟಿನಲ್ಲಿ ಕೂರುವುದು ನನಗೆ ಇಷ್ಟವೂ ಆಗಿತ್ತು. ನಿನ್ನೆ ಮುನಿಸ್ವಾಮಿಯ ಶೆಡ್ಡಿಗೆ ಹೋಗಿ ಒಪ್ಪಿಕೊಂಡೆ. ಅವನು ತಲೆಯೆತ್ತಲಿಲ್ಲ: ‘ಗೊತ್ತು ಮೇಡಮ್ಮೋರೆ. ಬೆಳಿಗ್ಗೆ ಶೆಡ್ಡಿಗೆ ಬರುವಾಗ ಮಗ್ಗಿ ಕೇಳ್ತಿತ್ತು, ಹಿಂದೇನೇ ಪೆಡಲ್ ಕಿರ್ ಅಂತಿತ್ತು. ಬೇಡಿ ಅನ್ನೋಣ ಅಂತ ಒಂದ್ಸಲ ಬಾಗ್ಲವರೆಗೂ ಬಂದೆ. ಹದಿನಾರರ ಮಗ್ಗೀಲಿದ್ರಿ. ನಡುವೆ ಬಾಯಿ ಹಾಕಿದ್ರೆ ಮೊದಲಿಂದ ಹೇಳಿಸ್ತಿದ್ರಲ್ಲ, ಆ ಭಯ ಇನ್ನೂ ಹೋಗಿಲ್ಲ.’ ಅನಿಲನಿಗೇಕೆ ಹೇಳಲಿಲ್ಲ ಎಂದೆ. ‘ಮಗನ ಮುಂದೆ ನೀವು ತಲೆ ತಗ್ಗಿಸ್ಬೇಕಿತ್ತಾ? ನಂದಾದ್ರೆ ತಗ್ಗಿ ಅಭ್ಯಾಸ’ ಎಂದ. ಈ ಕಾಗದ ತಲುಪಿದ ದಿನವೇ ಮೊದಲು ಮುನಿಸ್ವಾಮಿಗೆ, ಆಮೇಲೆ ಉಮಾಶಂಕರನಿಗೆ ಫೋನು ಮಾಡು. ತಪ್ಪು ಅಮ್ಮನದು ಎಂದೇ ಹೇಳು. ಕಾರಿನ ವಯಸ್ಸಿನದೆನ್ನಬೇಡ, ನನ್ನ ವಯಸ್ಸಿನದೆಂದೂ ಅನ್ನಬೇಡ.