ಅತಿಥಿ ಬ್ಯಾಡ್ಜು

ಮೆಕಿನ್ನಿ, ಅಮೆರಿಕ

ಕನ್ನಡ ಸಂಘದ ಕಾರ್ಯದರ್ಶಿ ಜಯತೀರ್ಥ ಅವರಿಗೆ ನಮಸ್ಕಾರ.

ಯುಗಾದಿ ಊಟಕ್ಕೆ ಬಂದಾಗ ನನ್ನ ಸೊಸೆ ಸೆಲೀನ್‌ಗೆ ಈ ವರ್ಷವೂ ‘ಅತಿಥಿ’ ಬ್ಯಾಡ್ಜನ್ನೇ ಕೊಟ್ಟಿರಿ. ಅವಳು ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದವಳು, ಮನೆಮಾತು ಫ್ರೆಂಚ್, ನಿಜ. ಆದರೆ ಅವಳ ಹಿರಿಯರು ಕಬ್ಬಿನ ಗದ್ದೆಯ ಕೂಲಿಗೆಂದು ಪುದುಚೇರಿಯಲ್ಲಿ ಹಡಗು ಹತ್ತಿದವರು. ಆ ಮನೆಯವರು ಇಂದಿಗೂ ಮಾರಿಯಮ್ಮನಿಗೆ ನಡೆದುಕೊಳ್ಳುತ್ತಾರೆ. ಇದನ್ನು ನಿಮಗೆ ಎಷ್ಟು ಸಲ ಹೇಳಲಿ?

ಅಂದು ಬೆಳಿಗ್ಗೆ ಸಂಘದ ಅಡುಗೆಗೆಂದು ನನ್ನ ಜೊತೆ ಒಲೆಯ ಮುಂದೆ ನಿಂತು ಅವಳೇ ಮಾಡಿದ ಬಿಸಿಬೇಳೆಬಾತನ್ನು ಅವಳಿಗೇ ಬಡಿಸುತ್ತ ನಿಮ್ಮ ಶ್ರೀಮತಿಯವರು, “ಈಸ್ ಇಟ್ ಟೂ ಸ್ಪೈಸಿ ಫಾರ್ ಯೂ?” ಎಂದು ಕೇಳಿದರು.

“ಇದನ್ನ ಮಾಡಿದ್ದೇ ನಾನು ಆಂಟಿ,” ಎಂದಳು.

“ಸೋ ಕ್ಯೂಟ್. ಕನ್ನಡ ಮಾತಾಡ್ತಾಳೆ,” ಎಂದು ಅವರು ಮುಂದಿನವರಿಗೆ ಬಡಿಸಲು ಹೋದರು.

ದೀಪಾವಳಿಗೆ ದಯವಿಟ್ಟು ನನಗೂ ಅದೇ ಬ್ಯಾಡ್ಜು ತೆಗೆದಿಡಿ. ಅಡುಗೆಗೆ ಬೇರೆಯವರನ್ನು ನೋಡಿಕೊಳ್ಳಿ. ಅತಿಥಿಗಳು ಒಲೆಯ ಮುಂದೆ ನಿಲ್ಲುವುದಿಲ್ಲ.

ಇತಿ,
ಸೆಲೀನ್‌ಳ ಅತ್ತೆ ಗೋದಾವರಿ