ಆ ಹೀರೋನ ತೋಳಿನಲ್ಲಿ ಗಾಯವೇ ಇರಲಿಲ್ಲ

ಅಣ್ಣಯ್ಯ,

ನಿನ್ನೆ ಇಲ್ಲಿ ಸಾಗರದ ಟಾಕೀಸಿಗೆ ಹೋಗಿದ್ದೆ. ನೀನು ತೀರಿಕೊಂಡ ಮೇಲೆ ಇದೇ ಮೊದಲು. ಪಕ್ಕದ ಮನೆಯ ಜಾನಕಕ್ಕ ಬಲವಂತ ಮಾಡಿದರು. ಕಥೆ ಡ್ರಗ್ಸ್ ಚಟದ್ದು ಎಂದು ಒಳಗೆ ಕೂತ ಮೇಲೆಯೇ ಗೊತ್ತಾಗಿದ್ದು. ಹೀರೋ ನಿನ್ನ ಹಾಗೇ ತೋಳಿಗೆ ಸೂಜಿ ಚುಚ್ಚಿಕೊಳ್ಳುತ್ತಾನೆ. ಚುಚ್ಚಿಕೊಂಡು ಹಾಡುತ್ತಾನೆ! ಇಸ್ತ್ರಿ ಮಾಡಿದ ಬಿಳಿ ಅಂಗಿ, ಸುತ್ತ ಕುಣಿಯುವ ಹುಡುಗಿಯರು.

ಹೊಸನಗರದಲ್ಲಿ ಡಾಕ್ಟರೊಬ್ಬರ ಬಳಿ ನೀನು ಕಾಂಪೌಂಡರ್ ಆಗಿದ್ದೆಯಲ್ಲ, ಬೆನ್ನುನೋವಿಗೆಂದು ರೋಗಿಗಳ ಇಂಜೆಕ್ಷನ್ ಕದ್ದು ಚುಚ್ಚಿಕೊಳ್ಳಲು ಶುರುಮಾಡಿದ್ದು ಆಗಲೇ. ನೋವು ಹೋಯಿತು, ಚುಚ್ಚುವುದು ಹೋಗಲಿಲ್ಲ. ಕೀವು ಸೋರುವ ನಿನ್ನ ತೋಳನ್ನು ದಿನಾ ತೊಳೆದವಳು ಅತ್ತಿಗೆ. ಆ ವಾಸನೆಗೆ ಪುಟ್ಟಿ ಅಪ್ಪನ ಹತ್ತಿರವೇ ಬರುತ್ತಿರಲಿಲ್ಲ. "ಎಂತ ಕಡಿಮೆಯಾಗಿದೆ ಅಣ್ಣಯ್ಯ ನಿಂಗೆ?" ಎಂದು ಕೇಳಿದ್ದೆ. "ಅದೇ ಗೊತ್ತಾಗ್ತಿಲ್ಲ ಕಣೇ. ಅದು ಒಳಗೆ ಹೋದಾಗ ಮಾತ್ರ ಎಲ್ಲಾ ಸಿಕ್ತು ಅನ್ನಿಸ್ತದೆ" ಅಂದೆ. ಎಲ್ಲಾ ಅಂದರೆ? ಆ 'ಎಲ್ಲಾ'ದೊಳಗೆ ಹೆಂಡತಿ, ಮಗಳು...

ನೆಮ್ಮದಿ ಹುಡುಕುತ್ತೇನೆಂದು ನೀನು ವರದಹಳ್ಳಿಯ ಆಶ್ರಮಕ್ಕೂ ಹೊರಟೆ. ವಾರ ಕಳೆಯುವ ಮೊದಲೇ ಮರಳಿ ಬಂದು ಅತ್ತಿಗೆಯ ತಾಳಿಗೇ ಕೈಹಾಕಿದೆ. ಸಿನಿಮಾದಲ್ಲಿ ಹಾಗಲ್ಲ. ಬೆಟ್ಟದ ಮೇಲೊಬ್ಬ ಸಾಧು ತಲೆ ಮುಟ್ಟಿದ ಕೂಡಲೇ ಹೀರೋನ ಚಟ ಬಿಟ್ಟುಹೋಯಿತು. ಜನ ಚಪ್ಪಾಳೆ ತಟ್ಟಿದರು. ಥೂ!

ಕೊನೆಗೆ ನಿನ್ನನ್ನು ಸಾಗರಕ್ಕೆ, ನಮ್ಮ ಮನೆಗೇ ಕರೆತಂದಿದ್ದೆ. ಒಂದು ಮಧ್ಯಾಹ್ನ ಜ್ವರದಲ್ಲಿ ನಡುಗುತ್ತಾ ಹೊರಗೆ ಹೋದವನು ಜಾನಕಕ್ಕನ ಜಗಲಿಯ ಮೇಲೆ ಕುಸಿದು ನೀರು ಕೇಳಿದೆ. ಅವರು ಬಾಗಿಲು ಹಾಕಿಕೊಂಡರು. ನಿನ್ನೆ ಅದೇ ಜಾನಕಕ್ಕ ಆ ಹೀರೋನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಪಾಪ, ಎಷ್ಟು ಒಳ್ಳೆ ಹುಡುಗ! ಕರುಳು ಕಿತ್ತು ಬರ್ತದೆ" ಅಂದರು.

ನನಗೆ ತಡೆಯಲಾಗಲಿಲ್ಲ. "ನಮ್ಮಣ್ಣಯ್ಯನೂ ಒಳ್ಳೆಯವನೇ ಆಗಿದ್ದ. ಅವ್ನಿಗೆ ಒಂದು ಲೋಟ ನೀರು ಕೊಡ್ಲಿಲ್ಲ ನೀವು."

"ಅದೂ ಇದೂ ಒಂದೇ ಏನೇ? ಇದು ಸಿನಿಮಾ!"

ಎದ್ದು ಹೊರಗೆ ಬಂದುಬಿಟ್ಟೆ.

ನಿನ್ನ ಮೇಲಿನ ಹೇಸಿಗೆಯೂ ಹೋಗಿಲ್ಲ ಅಣ್ಣಯ್ಯ. ಅದು ಹೋದ ಮೇಲೆ ಬರೆಯೋಣವೆಂದು ಈ ಸುದ್ದಿಯನ್ನು ಇಟ್ಟುಕೊಂಡಿದ್ದೆ. ಇನ್ನು ಕಾಯಲಾರೆ. ಅತ್ತಿಗೆಗೆ ಮತ್ತೆ ಮದುವೆಯಾಯಿತು. ತೀರ್ಥಹಳ್ಳಿಯ ಟೈಲರ್, ಹೆಂಡತಿಯನ್ನು ಕಳೆದುಕೊಂಡವನು. ನೆಂಟರೆಲ್ಲ ಉಗಿದರು. ನಾನೇ ಮುಂದೆ ನಿಂತು ಧಾರೆ ಎರೆಸಿದೆ. ಮೊನ್ನೆ ಅವರನ್ನು ನೋಡಲು ಹೋದಾಗ ಪುಟ್ಟಿ ಅವನ ಮಿಷನ್ನಿನ ಪಕ್ಕ ಕೂತು ಅಂಗಿಯ ಗುಂಡಿ ಹೆಕ್ಕಿ ಕೊಡುತ್ತಿದ್ದಳು.

"ಅಪ್ಪಾ, ಇಷ್ಟು ಸಾಕಾ?"

"ಸಾಕು ಮಗಾ" ಅಂದ.